ಅಭಿಮಾನದ ಕಾವಲು ಕಾಟವಾಗುವುದು ಯಾವಾಗ?

2024ರ ಮಾರ್ಚ್ 5ರಂದು ದಕ್ಷಿಣ ಕೊರಿಯಾದ ಗಾಯಕಿ ಕರೀನಾ ತಮ್ಮ ಕೈಬರಹದ ಕ್ಷಮಾಪಣೆ ಪತ್ರವೊಂದನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರು. ಆಗ ಅವರಿಗೆ 23 ವರ್ಷ. ಅವರು ಯಾರಿಗೂ ಮೋಸ ಮಾಡಿರಲಿಲ್ಲ, ಯಾರನ್ನೂ ನೋಯಿಸುವ ಮಾತಾಡಿರಲಿಲ್ಲ. ನಟ ಲೀ ಜೇ-ವೂಕ್ ಅವರನ್ನು ಪ್ರೀತಿಸುತ್ತಿದ್ದಾರೆ ಎಂಬ ಸುದ್ದಿ ಒಂದು ವಾರದ ಹಿಂದೆ ಹೊರಬಿದ್ದಿತ್ತು, ಅವರ ಕಂಪನಿ ಅದನ್ನು ಒಪ್ಪಿಕೊಂಡಿತ್ತು. ಅಷ್ಟಕ್ಕೇ ಸೋಲ್ ನಗರದಲ್ಲಿರುವ ಎಸ್‌ಎಂ ಎಂಟರ್‌ಟೇನ್‌ಮೆಂಟ್ ಕಚೇರಿಯ ಮುಂದೆ ಎಲ್‌ಇಡಿ ಫಲಕ ಹೊತ್ತ ಲಾರಿಯೊಂದು ಬಂದು ನಿಂತಿತು. ಅಭಿಮಾನಿಗಳು ಕೊಟ್ಟ ಪ್ರೀತಿ ನಿನಗೆ ಸಾಲದೇ ಹೋಯಿತೇ ಎಂದು ಆ ಫಲಕ ಕೇಳುತ್ತಿತ್ತು. ಕ್ಷಮೆ ಕೇಳದಿದ್ದರೆ ಆಲ್ಬಂ ಮಾರಾಟ ಬೀಳುತ್ತದೆ, ಕಾರ್ಯಕ್ರಮಗಳಲ್ಲಿ ಕುರ್ಚಿಗಳು ಖಾಲಿ ಉಳಿಯುತ್ತವೆ ಎಂದೂ ಎಚ್ಚರಿಸುತ್ತಿತ್ತು. ಕರೀನಾ ಕ್ಷಮೆ ಕೇಳಿದರು. ಸುದ್ದಿ ಹೊರಬಿದ್ದ ಐದು ವಾರಕ್ಕೆ ಆ ಸಂಬಂಧವೂ ಮುರಿದುಬಿತ್ತು.

ಇದಕ್ಕೆ ಮೂರು ವರ್ಷ ಮೊದಲು, 2021ರಲ್ಲಿ, ಅಮೆರಿಕದ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ 13 ವರ್ಷಗಳ ಕಾನೂನಿನ ಕಟ್ಟಿನಿಂದ ಬಿಡುಗಡೆಯಾಗಿದ್ದರು. ಅವರ ಬೆನ್ನಿಗೆ ನಿಂತವರೂ ಅಭಿಮಾನಿಗಳೇ. ಅವರೂ ಪೋಸ್ಟು ಹಾಕಿದವರು, ಹ್ಯಾಶ್‌ಟ್ಯಾಗ್ ಟ್ರೆಂಡ್ ಮಾಡಿದವರು, ಫಲಕ ಹಿಡಿದು ರಸ್ತೆಗಿಳಿದವರು. ಒಂದು ಕಡೆ ಒಳ್ಳೆಯ ಅಭಿಮಾನಿಗಳು, ಇನ್ನೊಂದು ಕಡೆ ಹುಚ್ಚು ಅಭಿಮಾನಿಗಳು ಎಂದು ಭಾಗ ಮಾಡಿ ಮಾತು ಮುಗಿಸುವುದು ರೂಢಿ. ಆ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ. ಎರಡೂ ಕಡೆ ಇರುವುದು ಒಂದೇ ಬಗೆಯ ಜನ, ಒಂದೇ ಬಗೆಯ ಶ್ರದ್ಧೆ, ಒಂದೇ ಬಗೆಯ ಸಂಘಟನೆ. ಬೇರೆಯಾಗುವುದು ಆ ಶಕ್ತಿ ಯಾವುದರ ಮೇಲೆ ಬೀಳುತ್ತದೆ ಎಂಬುದು: ಕಲಾವಿದರ ಕೆಲಸ, ಹಕ್ಕು, ಒಪ್ಪಂದಗಳ ಮೇಲೋ, ಅಥವಾ ಅವರ ಮನೆಯೊಳಗಿನ ಬದುಕಿನ ಮೇಲೋ. ಈ ಎರಡರ ನಡುವಿನ ಗೆರೆ ಅಳಿಸಿಹೋದಷ್ಟೂ ಲಾಭ ಮಾಡಿಕೊಳ್ಳುವವರು ಅಭಿಮಾನಿಗಳೂ ಅಲ್ಲ, ಕಲಾವಿದರೂ ಅಲ್ಲ.

ದೂರದ ಒಬ್ಬ ಗಾಯಕ ನಮ್ಮವನೇ ಅನ್ನಿಸುವುದು ಇಂಟರ್ನೆಟ್ ತಂದಿತ್ತ ರೋಗವೇನೂ ಅಲ್ಲ. 1956ರಲ್ಲೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು ಟಿವಿ, ರೇಡಿಯೊ ನಿರೂಪಕರ ಜೊತೆ ಜನ ಬೆಳೆಸಿಕೊಳ್ಳುವ ಏಕಮುಖ ಆತ್ಮೀಯತೆಯ ಬಗ್ಗೆ ಬರೆದಿದ್ದರು. ನೋಡುವವನಿಗೆ ನಿರೂಪಕ ಗೆಳೆಯ, ನಿರೂಪಕನಿಗೆ ನೋಡುವವನು ಯಾರೆಂದೇ ಗೊತ್ತಿಲ್ಲ. ಅದರಲ್ಲಿ ಅಸಹಜವಾದದ್ದೇನೂ ಇಲ್ಲ ಎಂದು ನಾನೂ ನಂಬುತ್ತೇನೆ. ಕಷ್ಟದ ದಿನಗಳಲ್ಲಿ ಒಂದು ದನಿ ನಮ್ಮನ್ನು ಹಿಡಿದು ನಿಲ್ಲಿಸಿದ್ದರೆ ಆ ದನಿಯವರಿಗೆ ಒಳ್ಳೆಯದಾಗಲಿ ಎಂದು ಬಯಸುವುದು ಮನುಷ್ಯ ಸಹಜ. ಇಂಟರ್ನೆಟ್ ಇದಕ್ಕೆ ಸೇರಿಸಿದ್ದು ಎರಡು ಸಂಗತಿ. ಹಾಗೆ ಬಯಸುವ ಲಕ್ಷಾಂತರ ಮಂದಿ ಒಬ್ಬರಿಗೊಬ್ಬರು ಸಿಕ್ಕರು. ಅವರೆಲ್ಲರ ಮಾತು ನೇರವಾಗಿ ಆ ಕಲಾವಿದರ ಅಂಗೈಯಲ್ಲಿರುವ ಫೋನಿಗೇ ತಲುಪತೊಡಗಿತು.

ಮೊದಮೊದಲು ಇದು ಎಷ್ಟು ಚೆನ್ನಾಗಿತ್ತು ಎಂಬುದನ್ನು ಮರೆಯಬಾರದು. 1997ರಲ್ಲಿ ಬ್ರಿಟನ್ನಿನ ಮರಿಲಿಯನ್ ಎಂಬ ರಾಕ್ ತಂಡಕ್ಕೆ ಅಮೆರಿಕ ಪ್ರವಾಸಕ್ಕೆ ಹಣವಿರಲಿಲ್ಲ. ಅಭಿಮಾನಿಗಳೇ ಇಂಟರ್ನೆಟ್ಟಿನಲ್ಲಿ ಮಾತಾಡಿಕೊಂಡು ಸುಮಾರು 60,000 ಡಾಲರ್ ಕೂಡಿಸಿದರು, ಪ್ರವಾಸ ನಡೆಯಿತು. ಮುಂದೆ 2001ರ ಆಲ್ಬಂಗೆ ರೆಕಾರ್ಡಿಂಗ್ ಶುರುವಾಗುವ ಮೊದಲೇ 12,000ಕ್ಕೂ ಹೆಚ್ಚು ಜನ ಮುಂಗಡ ಹಣ ಕಟ್ಟಿದರು. ಕ್ರೌಡ್‌ಫಂಡಿಂಗ್ ಕಂಪನಿಗಳು ಹುಟ್ಟುವ ಎಷ್ಟೋ ವರ್ಷ ಮೊದಲಿನ ಮಾತಿದು. 2020ರ ಜೂನ್‌ನಲ್ಲಿ ಕೊರಿಯಾದ ಬಿಟಿಎಸ್ ಗಾಯನ ತಂಡ, ಕಪ್ಪುಜನರ ಮೇಲಿನ ದೌರ್ಜನ್ಯದ ವಿರುದ್ಧದ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿಗೆ 10 ಲಕ್ಷ ಡಾಲರ್ ಕೊಟ್ಟಾಗ ಅದರ ಅಭಿಮಾನಿಗಳು ಸುಮಾರು ಒಂದು ದಿನದೊಳಗೆ ಅಷ್ಟೇ ಮೊತ್ತವನ್ನು ತಾವೂ ಸಂಗ್ರಹಿಸಿ ಕೊಟ್ಟರು. ಹಾಡಿನ ಸಾಲುಗಳನ್ನು ರಾತ್ರಿ ನಿದ್ದೆಗೆಟ್ಟು ಹತ್ತಾರು ಭಾಷೆಗೆ ಅನುವಾದಿಸುವವರು, ಹಳೆಯ ಕಾರ್ಯಕ್ರಮಗಳ ವಿಡಿಯೊ ಹುಡುಕಿ ತೆಗೆದು ಜೋಪಾನ ಮಾಡುವವರು, ಸಬ್‌ಟೈಟಲ್ ಹಾಕುವವರು, ಯಾರಿಗೂ ಯಾರೂ ಸಂಬಳ ಕೊಡುವುದಿಲ್ಲ. ಸಂಗೀತದ ಚರಿತ್ರೆಯ ಒಂದು ದೊಡ್ಡ ಪಾಲು ಇಂದು ಉಳಿದಿರುವುದೇ ಇವರ ದುಡಿಮೆಯಿಂದ.

ಬ್ರಿಟ್ನಿ ಸ್ಪಿಯರ್ಸ್ ಪ್ರಕರಣದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಅಭಿಮಾನಿಗಳ ಕಾವಲಿನ ಒಳಿತು, ಕೆಡುಕು ಎರಡನ್ನೂ ಒಬ್ಬರೇ ಉಂಡ ಕತೆ ಅದು. 2008ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ಅವರನ್ನು ಕನ್ಸರ್ವೇಟರ್‌ಶಿಪ್ ಎಂಬ ವ್ಯವಸ್ಥೆಗೆ ಒಳಪಡಿಸಿತು. ತಮ್ಮನ್ನು ತಾವು ನೋಡಿಕೊಳ್ಳಲಾಗದವರ ಹಣಕಾಸು, ಚಿಕಿತ್ಸೆ, ದಿನನಿತ್ಯದ ತೀರ್ಮಾನಗಳನ್ನು ಇನ್ನೊಬ್ಬರ ಕೈಗೊಪ್ಪಿಸುವ ಏರ್ಪಾಡು ಇದು. ಬ್ರಿಟ್ನಿ ಪಾಲಿಗೆ ಆ ಇನ್ನೊಬ್ಬರು ಅವರ ತಂದೆ. ವಿಚಿತ್ರವೆಂದರೆ ತಮ್ಮನ್ನು ತಾವು ನೋಡಿಕೊಳ್ಳಲಾಗದವರು ಎಂದು ಕಾನೂನು ಹೇಳಿದ ಆ ವರ್ಷಗಳಲ್ಲೇ ಅವರು ಆಲ್ಬಂಗಳನ್ನು ತಂದರು, ಪ್ರವಾಸ ಮಾಡಿದರು, ಲಾಸ್ ವೇಗಸ್‌ನಲ್ಲಿ ವರ್ಷಗಟ್ಟಲೆ ವೇದಿಕೆ ಏರಿದರು. 2019ರ ಏಪ್ರಿಲ್‌ನಲ್ಲಿ ಅಭಿಮಾನಿಗಳಿಬ್ಬರು ನಡೆಸುತ್ತಿದ್ದ ಪಾಡ್‌ಕಾಸ್ಟಿಗೆ ಹೆಸರು ಹೇಳದ ಒಬ್ಬರ ಧ್ವನಿ ಸಂದೇಶ ಬಂತು. ಈ ಪ್ರಕರಣ ನೋಡಿಕೊಳ್ಳುತ್ತಿದ್ದ ವಕೀಲರ ಕಚೇರಿಯಲ್ಲಿ ಕೆಲಸ ಮಾಡಿದವನು ತಾನು, ಆಕೆ ಚಿಕಿತ್ಸಾ ಕೇಂದ್ರದಲ್ಲಿರುವುದು ಸ್ವಇಚ್ಛೆಯಿಂದಲ್ಲ ಎಂದು ಆತ ಹೇಳಿಕೊಂಡ. ‘ಫ್ರೀ ಬ್ರಿಟ್ನಿ’ ಎಂಬ ಕೂಗು ಹಬ್ಬಿದ್ದು ಅಲ್ಲಿಂದ.

ಅದೇ ತಿಂಗಳು ಬ್ರಿಟ್ನಿ ಸ್ವತಃ ವಿಡಿಯೊ ಹಾಕಿ ಎಲ್ಲವೂ ಸರಿಯಿದೆ, ನನಗೆ ಸ್ವಲ್ಪ ಸಮಯ ಕೊಡಿ ಎಂದರು. ಅಭಿಮಾನಿಗಳು ನಂಬಲಿಲ್ಲ. ಇದು ಸಣ್ಣ ಮಾತಲ್ಲ. ಒಬ್ಬ ವ್ಯಕ್ತಿ ತಾನು ಚೆನ್ನಾಗಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ ಮೇಲೂ ಅದನ್ನು ಒಪ್ಪದೆ ಇರುವುದು ಅಧಿಕಪ್ರಸಂಗವೆಂದೇ ಯಾರಾದರೂ ಅಂದಾರು. ಆದರೆ ಅವರ ಸಂಶಯ ನಿಜವಾಯಿತು. 2021ರ ಜೂನ್ 23ರಂದು ನ್ಯಾಯಾಧೀಶರ ಎದುರು ಬ್ರಿಟ್ನಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಾತಾಡಿದರು. ಇಷ್ಟವಿಲ್ಲದಿದ್ದರೂ ವೇದಿಕೆ ಏರಿಸಿದರು, ಬೇಡವೆಂದರೂ ಲಿಥಿಯಂ ಮಾತ್ರೆ ಕೊಟ್ಟರು, ಇನ್ನೊಂದು ಮಗು ಬೇಕೆಂದರೆ ಗರ್ಭನಿರೋಧಕ ಸಾಧನವನ್ನು ತೆಗೆಸಿಕೊಳ್ಳಲೂ ಬಿಡಲಿಲ್ಲ ಎಂದು ಹೇಳಿದರು. ಎಲ್ಲವೂ ಸರಿಯಿದೆ ಎಂದು ಹಿಂದೆ ಜಗತ್ತಿಗೆ ಹೇಳಿದ್ದು ಸುಳ್ಳಾಗಿತ್ತು ಎಂದೂ ಒಪ್ಪಿಕೊಂಡರು. ನವೆಂಬರ್ 12ರಂದು ಆ ವ್ಯವಸ್ಥೆ ರದ್ದಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಕಾನೂನು ತಿದ್ದಿ, ಇಂಥ ಪ್ರಕರಣಗಳಲ್ಲಿ ಸಿಕ್ಕವರಿಗೆ ತಮ್ಮ ವಕೀಲರನ್ನು ತಾವೇ ಆರಿಸಿಕೊಳ್ಳುವ ಹಕ್ಕು ಕೊಟ್ಟಿತು. ಹೆಸರು, ಹಣ ಇಲ್ಲದ, ಅಭಿಮಾನಿಗಳೂ ಇಲ್ಲದ ಎಷ್ಟೋ ಜನರಿಗೆ ಅದರ ಪ್ರಯೋಜನವಿದೆ.

ಅಭಿಮಾನಿಗಳು ಗೆದ್ದದ್ದು ಹೇಗೆ? ಇಲ್ಲೊಂದು ಮುಖ್ಯ ವಿವರವಿದೆ. ಅವರಲ್ಲಿ ಒಂದು ಗುಂಪು ನ್ಯಾಯಾಲಯದ ಕಡತಗಳನ್ನು ತರಿಸಿ ಓದುತ್ತಿತ್ತು. ಯಾರಿಗೆ ಎಷ್ಟು ಸಂಭಾವನೆ, ವಕೀಲರ ಶುಲ್ಕ ಯಾರ ಜೇಬಿನಿಂದ, ಮುಂದಿನ ವಿಚಾರಣೆ ಎಂದು ಎಂಬುದನ್ನೆಲ್ಲ ಬಿಡಿಸಿ ಬರೆಯುತ್ತಿತ್ತು. ಇನ್ನೊಂದು ಗುಂಪು ಇನ್‌ಸ್ಟಾಗ್ರಾಮ್ ಚಿತ್ರಗಳಲ್ಲಿ ಸಂಕೇತ ಹುಡುಕುತ್ತಿತ್ತು. 2020ರ ಜುಲೈನಲ್ಲಿ ಯಾರೋ ಒಬ್ಬರು ‘ಸಹಾಯ ಬೇಕಿದ್ದರೆ ಮುಂದಿನ ವಿಡಿಯೊದಲ್ಲಿ ಹಳದಿ ಬಟ್ಟೆ ಹಾಕಿ’ ಎಂದು ಕಾಮೆಂಟು ಬರೆದರು. ಮುಂದಿನ ವಿಡಿಯೊದಲ್ಲಿ ಬ್ರಿಟ್ನಿ ಹಳದಿ ಅಂಗಿ ತೊಟ್ಟಿದ್ದೇ ತಡ, ಜಾಲತಾಣವೆಲ್ಲ ಗುಲ್ಲೆದ್ದಿತು. ಆದರೆ ನ್ಯಾಯಾಧೀಶರ ಮುಂದೆ ನಿಂತದ್ದು ಹಳದಿ ಅಂಗಿಯಲ್ಲ. ನಿಂತದ್ದು ಕಡತಗಳು, ಪತ್ರಕರ್ತರ ತನಿಖೆ, ಕೊನೆಗೆ ಆಕೆಯದೇ ಸಾಕ್ಷ್ಯ. ಗೆಲುವು ಬಂದಾಗ ಮಾತ್ರ ಎರಡೂ ಗುಂಪುಗಳು ಅದನ್ನು ತಮ್ಮದೆಂದವು. ಸಂಕೇತ ಓದುವುದೂ ತನಿಖೆಯೇ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಯಿತು.

ಅದರ ಫಲ ಉಂಡವರೂ ಬ್ರಿಟ್ನಿಯೇ. 2023ರ ಜನವರಿಯಲ್ಲಿ ಅವರು ತಮ್ಮ ಇನ್‌ಸ್ಟಾಗ್ರಾಮ್ ಖಾತೆ ಮುಚ್ಚಿದರು. ಆಕೆಗೆ ಏನೋ ಆಗಿದೆ ಎಂದು ಅಭಿಮಾನಿಗಳು ಪೊಲೀಸರಿಗೆ ಕರೆ ಮಾಡಿದರು. ಪೊಲೀಸರು ಮನೆಗೆ ಬಂದರು, ಅಪಾಯವೇನೂ ಇಲ್ಲವೆಂದು ಹೊರಟುಹೋದರು. ಅಭಿಮಾನಿಗಳೆಂದರೆ ನನಗೆ ಪ್ರೀತಿಯೇ, ಆದರೆ ಈ ಸಲ ಮಿತಿ ಮೀರಿತು, ನನ್ನ ಖಾಸಗಿತನಕ್ಕೆ ಧಕ್ಕೆಯಾಯಿತು ಎಂಬರ್ಥದಲ್ಲಿ ಬ್ರಿಟ್ನಿ ಬರೆದರು. 13 ವರ್ಷ ಪರರ ಕಣ್ಗಾವಲಿನಲ್ಲಿ ಬದುಕಿದವರಿಗೆ ಬಿಡುಗಡೆಯಾದ ಮೇಲೂ ಮನೆ ಬಾಗಿಲಲ್ಲಿ ಪೊಲೀಸರು. ಕಳಿಸಿದವರು ಬಿಡಿಸಿದವರೇ. 2019ರಲ್ಲಿ ಆಕೆಯ ಮಾತನ್ನು ನಂಬದೆ ಇದ್ದದ್ದು ಸರಿಯಾಗಿತ್ತು, ಏಕೆಂದರೆ ಆಗ ಆಕೆಗೆ ಇಲ್ಲವೆನ್ನುವ ಸ್ವಾತಂತ್ರ್ಯವೇ ಇರಲಿಲ್ಲ, ಅದನ್ನು ಹೇಳುವ ನ್ಯಾಯಾಲಯದ ಕಾಗದ ಕಣ್ಣೆದುರಿಗಿತ್ತು. 2023ರಲ್ಲಿ ಎದುರಿಗಿದ್ದದ್ದು ಮುಚ್ಚಿದ ಒಂದು ಖಾತೆ ಮಾತ್ರ. ಫೋನು ಬದಿಗಿಟ್ಟು ನಾಲ್ಕು ದಿನ ಸುಮ್ಮನಿರುವ ಹಕ್ಕು ಎಲ್ಲರಿಗೂ ಇದೆ.

ಸಂಕೇತ ಓದುವ ಚಟಕ್ಕೆ ಅಭಿಮಾನಿಗಳನ್ನಷ್ಟೇ ದೂರಿದರೆ ಅನ್ಯಾಯವಾದೀತು. ಅದನ್ನು ಅವರಿಗೆ ಕಲಿಸಿದವರು ಇದ್ದಾರೆ. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ 2006ರ ತಮ್ಮ ಮೊದಲ ಆಲ್ಬಂನ ಪುಸ್ತಿಕೆಯಲ್ಲೇ ಸಾಹಿತ್ಯದ ನಡುನಡುವೆ ದೊಡ್ಡಕ್ಷರಗಳನ್ನು ಇಟ್ಟು ಗುಟ್ಟಿನ ಸಂದೇಶ ಹುದುಗಿಸಿದ್ದರು. ಅಲ್ಲಿಂದ ಮುಂದೆ ಉಗುರಿನ ಬಣ್ಣ, ವಿಡಿಯೊದ ಹಿನ್ನೆಲೆಯ ಗಡಿಯಾರ, ಪೋಸ್ಟು ಹಾಕಿದ ದಿನಾಂಕ ಎಲ್ಲವೂ ಸುಳಿವಾದವು. ಆಟವಾಗಿ ಅದು ಸೊಗಸಾಗಿದೆ. ಹಾಡನ್ನು ಇಷ್ಟು ಗಮನವಿಟ್ಟು ಕೇಳುವ, ಸಾಲು ಸಾಲನ್ನೂ ತಿರುವಿ ನೋಡುವ ಕೇಳುಗರು ಯಾವ ಕವಿಗಾದರೂ ಸಿಕ್ಕರೆ ಪುಣ್ಯ. ಆದರೆ ಹಾಡಿನಲ್ಲಿ ಗುಟ್ಟು ಹುಡುಕಲು ಕಲಿತ ಕಣ್ಣು ಹಾಡು ಮುಗಿದ ಕೂಡಲೇ ಮುಚ್ಚಿಕೊಳ್ಳುವುದಿಲ್ಲ. ಅದು ಹಾಡಿನಲ್ಲಿ ಬಂದ ಹಳೆಯ ಗೆಳೆಯನ ಮನೆವರೆಗೂ ಹೋಗುತ್ತದೆ. 2023ರ ಜೂನ್‌ನಲ್ಲಿ ಮಿನಿಯಾಪೊಲಿಸ್‌ನ ವೇದಿಕೆಯಲ್ಲಿ ಸ್ವಿಫ್ಟ್ ಇದನ್ನೇ ಹೇಳಬೇಕಾಯಿತು. ನನಗೀಗ 33 ವರ್ಷ, 19ರಲ್ಲಿ ನಡೆದದ್ದರಲ್ಲಿ ನನಗೆ ಬೇಕಾಗಿರುವುದು ನಾನು ಬರೆದ ಹಾಡುಗಳು ಮಾತ್ರ, ಯಾರ ಬಗ್ಗೆ ಬರೆದೆನೆಂದು ನೀವು ಅಂದುಕೊಂಡಿದ್ದೀರೋ ಅವರ ವಿರುದ್ಧ ನನ್ನ ಪರವಾಗಿ ಜಾಲತಾಣದಲ್ಲಿ ಜಗಳಕ್ಕಿಳಿಯಬೇಡಿ ಎಂಬುದು ಅವರ ಮಾತಿನ ಸಾರ. 2024ರ ಜನವರಿಯಲ್ಲಿ ಅವರ ಲೈಂಗಿಕ ಒಲವಿನ ಬಗ್ಗೆಯೇ ಊಹೆ ಮಾಡುವ ದೀರ್ಘ ಲೇಖನ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಪ್ರಕಟವಾಯಿತು. ಅಂಥ ಪತ್ರಿಕೆಗೇ ಆ ಗೆರೆ ಕಾಣದಿದ್ದಾಗ ಹದಿಹರೆಯದ ಅಭಿಮಾನಿಯನ್ನು ಬೈದು ಫಲವೇನು?

ಸ್ವಿಫ್ಟ್ ಅವರ ವಿಷಯದಲ್ಲಿ ಇನ್ನೊಂದು ಪ್ರಸಂಗವನ್ನೂ ಮುಚ್ಚಿಡಬಾರದು. 2019ರಲ್ಲಿ ಅವರ ಮೊದಲ ಆರು ಆಲ್ಬಂಗಳ ಮೂಲ ಧ್ವನಿಮುದ್ರಿಕೆಗಳ ಹಕ್ಕು ಸ್ಕೂಟರ್ ಬ್ರೌನ್ ಎಂಬ ಉದ್ಯಮಿಯ ಪಾಲಾಯಿತು. ಹಾಡು ಬರೆದವರಿಗೂ ಧ್ವನಿಮುದ್ರಿಕೆಯ ಒಡೆತನಕ್ಕೂ ಸಂಬಂಧವೇ ಇಲ್ಲದಿರಬಹುದು ಎಂಬ ಸತ್ಯ ಕೋಟ್ಯಂತರ ಜನರಿಗೆ ತಿಳಿದದ್ದು ಆಗ. ಸ್ವಿಫ್ಟ್ ಹಳೆಯ ಆಲ್ಬಂಗಳನ್ನು ಮತ್ತೆ ಹಾಡಿ ಬಿಡುಗಡೆ ಮಾಡಿದಾಗ ಅಭಿಮಾನಿಗಳು ಹೊಸದನ್ನೇ ಕೇಳಿದರು, ಕೊನೆಗೆ 2025ರ ಮೇ ತಿಂಗಳಲ್ಲಿ ಅವರು ಮೂಲ ಹಕ್ಕುಗಳನ್ನು ಕೊಂಡುಕೊಂಡರು. ಇದು ಕೆಲಸಕ್ಕೆ, ಒಪ್ಪಂದಕ್ಕೆ ಸಂಬಂಧಿಸಿದ ಹೋರಾಟ. ಅಭಿಮಾನಿಗಳು ಇರಬೇಕಾದ ಜಾಗದಲ್ಲೇ ಇದ್ದರು. ಆದರೆ ನಡುವೆ, 2019ರ ನವೆಂಬರ್‌ನಲ್ಲಿ, ಆ ವ್ಯವಹಾರದ ಇಬ್ಬರ ಹೆಸರು ಹೇಳಿ ನಿಮ್ಮ ಅಭಿಪ್ರಾಯವನ್ನು ಅವರಿಗೆ ತಿಳಿಸಿ ಎಂದು ಸ್ವಿಫ್ಟ್ ಬಹಿರಂಗವಾಗಿ ಕೇಳಿದ್ದರು. ಕೆಲವೇ ದಿನಗಳಲ್ಲಿ ಬ್ರೌನ್ ತಮ್ಮ ಕುಟುಂಬಕ್ಕೆ ಕೊಲೆ ಬೆದರಿಕೆ ಬರುತ್ತಿದೆ ಎಂದರು. ಹಕ್ಕಿನ ಪ್ರಶ್ನೆ ಎಷ್ಟೇ ನ್ಯಾಯವಾಗಿರಲಿ, ಅಷ್ಟು ದೊಡ್ಡ ಬಳಗಕ್ಕೆ ಒಬ್ಬ ವ್ಯಕ್ತಿಯತ್ತ ಬೆರಳು ತೋರಿಸುವುದು ಅಪಾಯದ ಕೆಲಸ. ಅಲ್ಲಿ ಕಲಾವಿದೆಗೂ ಜವಾಬ್ದಾರಿಯಿತ್ತು ಎಂದೇ ನನ್ನ ಅಭಿಪ್ರಾಯ.

ಇನ್ನು ಹಣದ ಮಾತು. ಕೊರಿಯಾದಲ್ಲಿ 2020ರಲ್ಲಿ ಬಬಲ್ ಎಂಬ ಆ್ಯಪ್ ಬಂತು. ತಿಂಗಳಿಗಿಷ್ಟು ಎಂದು ಚಂದಾ ಕಟ್ಟಿದರೆ ನೆಚ್ಚಿನ ಗಾಯಕ ಫೋನಿಗೆ ಸಂದೇಶ ಕಳಿಸುತ್ತಾನೆ. ‘ಊಟ ಆಯ್ತಾ?’ ಎಂದು ಕೇಳುತ್ತಾನೆ. ಸಾವಿರಾರು ಜನರಿಗೆ ಹೋಗುವ ಒಂದೇ ಸಂದೇಶ ಅದು, ಆದರೆ ಪ್ರತಿಯೊಬ್ಬರ ಪರದೆಯಲ್ಲೂ ಇಬ್ಬರೇ ಮಾತಾಡಿಕೊಂಡಂತೆ ಕಾಣುತ್ತದೆ. ಅಭಿಮಾನಿ ತನಗೆ ಇಟ್ಟುಕೊಂಡ ಹೆಸರನ್ನು ಆ್ಯಪ್ ತಾನಾಗಿಯೇ ವಾಕ್ಯದೊಳಗೆ ಸೇರಿಸುತ್ತದೆ. ಚಂದಾ ತಪ್ಪದೆ ಕಟ್ಟುತ್ತ ದಿನ ಕಳೆದಂತೆ ಉತ್ತರ ಬರೆಯಲು ಸಿಗುವ ಅಕ್ಷರಗಳ ಮಿತಿ ಹೆಚ್ಚುತ್ತದೆ. ಒಂದು ತಿಂಗಳು ಬಿಟ್ಟರೆ ಆ ಲೆಕ್ಕ ಮತ್ತೆ ಮೊದಲಿನಿಂದ. ಇದನ್ನು ಯಾರೋ ಕೂತು ಯೋಚಿಸಿ ಮಾಡಿದ್ದಾರೆ. ನಿನ್ನ ನಿಷ್ಠೆಗೆ ತಕ್ಕಂತೆ ನಿನ್ನ ಸಲಿಗೆ ಬೆಳೆಯುತ್ತದೆ ಎಂದು ಆ ಆ್ಯಪ್ ದಿನವೂ ಕಲಿಸುತ್ತದೆ. ಆಮೇಲೆ ಆ ಗಾಯಕನಿಗೆ ಪ್ರೇಯಸಿ ಇದ್ದಾಳೆಂದು ತಿಳಿದಾಗ ಅಭಿಮಾನಿಗೆ ಮೋಸಹೋದ ಭಾವ ಬಂದರೆ, ಅದಕ್ಕೆ ಬರೀ ಆ ಅಭಿಮಾನಿಯ ಮನಸ್ಸಿನ ದೌರ್ಬಲ್ಯ ಎಂದು ಹೆಸರಿಡಲು ನಾನು ಸಿದ್ಧನಿಲ್ಲ. ಮಾರಿದ ಸರಕು ಇದೇ ಅಲ್ಲವೇ? ಲಾರಿಯ ಫಲಕದಲ್ಲಿ ಪ್ರೀತಿಯ ಮಾತಿನ ಬೆನ್ನಿಗೇ ಮಾರಾಟದ ಬೆದರಿಕೆ ಬಂದದ್ದು ಆಕಸ್ಮಿಕವಲ್ಲ. ಕಂಪನಿಗೆ ಅರ್ಥವಾಗುವ ಭಾಷೆ ಯಾವುದೆಂದು ಅಭಿಮಾನಿಗಳಿಗೆ ಚೆನ್ನಾಗಿ ಗೊತ್ತು.

ಆಲ್ಬಂ ಮಾರಾಟದ ಲೆಕ್ಕವೂ ಹೀಗೆಯೇ. ಒಂದೊಂದು ಪ್ರತಿಯಲ್ಲಿ ಬೇರೆ ಬೇರೆ ಸದಸ್ಯರ ಫೋಟೊ ಕಾರ್ಡ್ ಇಡುತ್ತಾರೆ, ಹೆಚ್ಚು ಪ್ರತಿ ಕೊಂಡವರಿಗೆ ಗಾಯಕರನ್ನು ಭೇಟಿಯಾಗುವ ಲಾಟರಿಯಲ್ಲಿ ಹೆಚ್ಚು ಅವಕಾಶ. ಚೀನಾದಲ್ಲಿ 2021ರ ಮೇ ತಿಂಗಳಲ್ಲಿ ಇದು ಅತಿರೇಕಕ್ಕೆ ಹೋಯಿತು. ಗಾಯನ ಸ್ಪರ್ಧೆಯೊಂದರಲ್ಲಿ ಮತ ಹಾಕಲು ಪ್ರಾಯೋಜಕ ಕಂಪನಿಯ ಹಾಲಿನ ಬಾಟಲಿಗಳ ಮುಚ್ಚಳದಲ್ಲಿದ್ದ ಕ್ಯೂಆರ್ ಕೋಡ್ ಬೇಕಿತ್ತು. ಮುಚ್ಚಳಕ್ಕಾಗಿ ಬಾಟಲಿ ತೆರೆದು ಹಾಲನ್ನು ಚರಂಡಿಗೆ ಸುರಿಯುವ ವಿಡಿಯೊ ದೇಶವೆಲ್ಲ ನೋಡಿತು, ಸ್ಪರ್ಧೆಯ ಅಂತಿಮ ಸುತ್ತು ನಡೆಯಲೇ ಇಲ್ಲ. ಆ ಆಗಸ್ಟ್‌ನಲ್ಲಿ ಚೀನಾದ ಇಂಟರ್ನೆಟ್ ನಿಯಂತ್ರಣ ಸಂಸ್ಥೆ ತಾರೆಯರ ಶ್ರೇಯಾಂಕ ಪಟ್ಟಿಗಳನ್ನೇ ನಿಷೇಧಿಸಿತು. ಅಷ್ಟು ಕಠಿಣವಾದ ಸರ್ಕಾರಿ ಹಿಡಿತ ನನಗೆ ಒಪ್ಪಿಗೆಯಲ್ಲ, ಅದರಲ್ಲಿ ಅಭಿಮಾನಿಗಳ ಸಂಘಟನೆಯನ್ನೇ ಮುರಿಯುವ ಉದ್ದೇಶವೂ ಇದೆ. ಆದರೂ ರೋಗದ ಮೂಲ ಪಟ್ಟಿಯಲ್ಲಿದೆ ಎಂದು ಗುರುತಿಸಿದ್ದು ಸರಿ. ಭಾರತದಲ್ಲೂ ಇದರ ನೆರಳು ಬಿದ್ದಿದೆ. 2019ರ ಜುಲೈನಲ್ಲಿ ರ‍್ಯಾಪರ್ ಬಾದ್‌ಶಾ ಅವರ ಹಾಡೊಂದು 24 ಗಂಟೆಯಲ್ಲಿ ಏಳೂವರೆ ಕೋಟಿ ವ್ಯೂಸ್ ಪಡೆದು ಬಿಟಿಎಸ್ ದಾಖಲೆ ಮುರಿಯಿತು ಎಂಬ ಘೋಷಣೆ ಬಂತು. ಅದರ ಹಿಂದೆ ಜಾಹೀರಾತಿನ ಹಣವಿತ್ತು. ಯೂಟ್ಯೂಬ್ ಆ ದಾಖಲೆಯನ್ನು ಸಾರಲಿಲ್ಲ, ಸೆಪ್ಟೆಂಬರ್‌ನಲ್ಲಿ ನಿಯಮ ಬದಲಿಸಿ ಹಣ ಕೊಟ್ಟು ತಂದ ವ್ಯೂಸ್‌ಗಳನ್ನು 24 ಗಂಟೆಯ ದಾಖಲೆಯಿಂದ ಹೊರಗಿಟ್ಟಿತು. ಕಂಪನಿಗಳು ಸಂಖ್ಯೆಯನ್ನೇ ಯೋಗ್ಯತೆ ಎಂದು ಸಾರಿದ ಮೇಲೆ ಅಭಿಮಾನಿಗಳು ರಾತ್ರಿಯಿಡೀ ಒಂದೇ ಹಾಡನ್ನು ಓಡಿಸುತ್ತ ಕೂರುವುದರಲ್ಲಿ ಆಶ್ಚರ್ಯವೇನಿಲ್ಲ. ಮ್ಯೂಟ್ ಮಾಡಬೇಡಿ, ನಡುವೆ ಬೇರೆ ಹಾಡು ಹಾಕಿ, ಇಲ್ಲದಿದ್ದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ಸೂಚನೆಗಳು ಅವರ ಗುಂಪುಗಳಲ್ಲಿ ಹರಿದಾಡುತ್ತವೆ. ಹೀಗೆ ದುಡಿದವರು ತಾವು ಪಾಲುದಾರರು ಎಂದೇ ಭಾವಿಸುತ್ತಾರೆ, ಗಾಯಕರ ಬದುಕಿನ ತೀರ್ಮಾನಗಳಲ್ಲಿ ಮತ ಕೇಳುತ್ತಾರೆ.

ಪಾಲುದಾರರ ಒಳಜಗಳ ಹೇಗಿರುತ್ತದೆ ಎಂಬುದಕ್ಕೆ ಕೊರಿಯಾದ ರೈಜ್ ತಂಡದ ಗಾಯಕ ಸುಂಗ್‌ಹಾನ್ ಪ್ರಕರಣ ನೋಡಬೇಕು. ತಂಡ ಸೇರುವ ಮೊದಲಿನ ಅವನ ಖಾಸಗಿ ಚಿತ್ರಗಳು 2023ರಲ್ಲಿ ಸೋರಿಕೆಯಾದವು, ಕಂಪನಿ ಅವನನ್ನು ಬದಿಗೆ ಕೂರಿಸಿತು. 2024ರ ಅಕ್ಟೋಬರ್ 11ರಂದು ಅವನು ಮರಳುತ್ತಾನೆ ಎಂದು ಪ್ರಕಟಿಸಿದಾಗ ವಿರೋಧಿಸಿದ ಅಭಿಮಾನಿಗಳು ಕಂಪನಿಯ ಕಟ್ಟಡದ ಮುಂದೆ ಸಾಲುಸಾಲಾಗಿ ಶವಸಂಸ್ಕಾರದ ಹೂಮಾಲೆಗಳನ್ನು ಇರಿಸಿದರು. ಬದುಕಿರುವ ಹುಡುಗನಿಗೆ. ಅವನು ಬೇಕೇ ಬೇಕು ಎಂದು ಹೊರದೇಶಗಳ ಅಭಿಮಾನಿಗಳು ಅಷ್ಟೇ ಜೋರಾಗಿ ಕೂಗುತ್ತಿದ್ದರು. ಎರಡೇ ದಿನದಲ್ಲಿ ಅವನು ತಂಡ ಬಿಟ್ಟ. ಚಿತ್ರಗಳನ್ನು ಸೋರಿಕೆ ಮಾಡಿದವರ ಮೇಲೆ ಹರಿಯಬೇಕಾಗಿದ್ದ ಕೋಪ ಪೂರ್ತಿಯಾಗಿ ಅವನ ಮೇಲೆ ಹರಿಯಿತು.

ಗುಂಪಿನ ಕೋಪಕ್ಕೆ ವಿಳಾಸ ನೋಡುವ ತಾಳ್ಮೆಯೂ ಇರುವುದಿಲ್ಲ. 2016ರಲ್ಲಿ ಬಿಯಾನ್ಸೆ ಹೊಸ ಆಲ್ಬಂ ತಂದಾಗ, ಅದರಲ್ಲಿ ಸುಳಿಯುವ ‘ಇನ್ನೊಬ್ಬಳು’ ವಿನ್ಯಾಸಕಿ ರೇಚಲ್ ರಾಯ್ ಎಂದು ಅಭಿಮಾನಿಗಳು ಊಹಿಸಿ ಮುಗಿಬಿದ್ದರು. ಅವರಲ್ಲಿ ಎಷ್ಟೋ ಜನ ಬೈದು ಬಂದದ್ದು ಟಿವಿಯಲ್ಲಿ ಅಡುಗೆ ಮಾಡುವ ರೇಚಲ್ ರೇ ಅವರನ್ನು. 2022ರ ಮೇ 31ರಂದು ಗಾಯಕ ಕೆಕೆ ಕೋಲ್ಕತ್ತದ ಕಾರ್ಯಕ್ರಮ ಮುಗಿಸಿ ಹಠಾತ್ತನೆ ತೀರಿಕೊಂಡರು. ಅದಕ್ಕೆ ಕೆಲವೇ ಗಂಟೆ ಮೊದಲು ಬಂಗಾಳಿ ಗಾಯಕ ರೂಪಂಕರ್ ಬಾಗ್ಚಿ, ಕೆಕೆಗೆ ಇಷ್ಟೊಂದು ಜನ ಮುಗಿಬೀಳುವುದೇಕೆ, ನಮ್ಮ ಬಂಗಾಳಿ ಗಾಯಕರಿಗೆ ಏನು ಕಡಿಮೆ ಎಂದು ವಿಡಿಯೊದಲ್ಲಿ ಗೊಣಗಿದ್ದರು. ಆ ಮಾತು ಸಣ್ಣತನದ್ದೇ ಇರಬಹುದು, ಆದರೆ ಹೃದಯಾಘಾತಕ್ಕೂ ಅದಕ್ಕೂ ಏನು ಸಂಬಂಧ? ಅವರಿಗೂ ಅವರ ಮನೆಯವರಿಗೂ ಬೆದರಿಕೆಗಳು ಬಂದವು, ಪತ್ರಿಕಾಗೋಷ್ಠಿ ಕರೆದು ಅವರು ಕ್ಷಮೆ ಕೇಳಿದರು. ದುಃಖ ಹೊರಹೋಗಲು ದಾರಿ ಹುಡುಕುತ್ತದೆ, ಎದುರಿಗೆ ಸಿಕ್ಕವರ ಮೇಲೆ ಬೀಳುತ್ತದೆ.

ಸಾವಿನ ಹೊತ್ತಿನಲ್ಲಿ ಈ ಬಳಗಗಳು ತೋರುವ ಮೃದುತ್ವವೂ ನಿಜವಾದದ್ದೇ. 2024ರ ಅಕ್ಟೋಬರ್ 16ರಂದು ಬ್ಯೂನಸ್ ಐರಿಸ್‌ನ ಹೋಟೆಲ್ ಬಾಲ್ಕನಿಯಿಂದ ಬಿದ್ದು ಒನ್ ಡೈರೆಕ್ಷನ್ ತಂಡದ ಗಾಯಕರಾಗಿದ್ದ ಲಿಯಾಮ್ ಪೇನ್ ತೀರಿಕೊಂಡಾಗ ಅವರಿಗೆ 31 ವರ್ಷ. ಒನ್ ಡೈರೆಕ್ಷನ್ ಹಾಡುಗಳ ಜೊತೆ ಬೆಳೆದ ಲಕ್ಷಾಂತರ ಹುಡುಗಿಯರು ಈಗ ದೊಡ್ಡವರಾಗಿ ನಾನಾ ದೇಶಗಳ ಉದ್ಯಾನ, ಚೌಕಗಳಲ್ಲಿ ಸೇರಿ ಹಾಡಿದರು. ಹಾಗೆ ಅತ್ತವರ ನಡುವೆಯೇ ಒಂದು ತಳಮಳವೂ ಇತ್ತು: ಹಿಂದಿನ ವಾರದವರೆಗೂ ಜಾಲತಾಣದಲ್ಲಿ ಲಿಯಾಮ್ ಗೇಲಿಯ ವಸ್ತುವಾಗಿದ್ದರು. ಅವರ ಮೇಲೆ ಗಂಭೀರ ಆರೋಪಗಳೂ ಇದ್ದವು, ಅವುಗಳನ್ನು ಕೇಳುವುದು ತಪ್ಪಲ್ಲ. ಆದರೆ ಆರೋಪ ಕೇಳುವುದು ಬೇರೆ, ಕುಸಿಯುತ್ತಿರುವ ಮನುಷ್ಯನ ವಿಡಿಯೊ ಹಂಚಿ ನಗುವುದು ಬೇರೆ. ಅಮೆರಿಕದ ಟಿಎಂಝಡ್ ಎಂಬ ಸುದ್ದಿತಾಣ ಮೃತದೇಹದ ಭಾಗಗಳಿರುವ ಚಿತ್ರಗಳನ್ನೇ ಹಾಕಿತು. ಅಭಿಮಾನಿಗಳು ರೊಚ್ಚಿಗೆದ್ದ ಮೇಲೆ ತೆಗೆಯಿತು. ಅವರ ಸಿಟ್ಟಿಗೆ ಅಲ್ಲಿ ಪೂರ್ತಿ ನ್ಯಾಯವಿತ್ತು.

ಇಷ್ಟೆಲ್ಲ ಆದ ಮೇಲೆ ಕಲಾವಿದರೇ ಬಾಯಿಬಿಡತೊಡಗಿದ್ದಾರೆ. 2024ರ ಆಗಸ್ಟ್‌ನಲ್ಲಿ, ಹೆಸರು ಬಂದ ಹೊಸದರಲ್ಲೇ, ಅಮೆರಿಕದ ಗಾಯಕಿ ಚಾಪೆಲ್ ರೋನ್ ಎರಡು ಚಿಕ್ಕ ವಿಡಿಯೊ ಹಾಕಿದರು. ದಾರಿಯಲ್ಲಿ ಹೋಗುವ ಅಪರಿಚಿತ ಹೆಂಗಸಿಗೆ ನೀವು ಕಾರಿನ ಕಿಟಕಿಯಿಂದ ಕೂಗುತ್ತೀರಾ, ಫೋಟೊ ಕೊಡಲಿಲ್ಲವೆಂದು ಸಿಟ್ಟಾಗುತ್ತೀರಾ, ಅವಳ ಮನೆಯವರ ಹಿಂದೆ ಬೀಳುತ್ತೀರಾ ಎಂದು ಕೇಳಿದರು. ತಾನು ವೇದಿಕೆಯ ಮೇಲಿದ್ದಾಗ ಕೆಲಸದಲ್ಲಿರುತ್ತೇನೆ, ಇಳಿದ ಮೇಲೆ ಅಲ್ಲ ಎಂದು ಆಮೇಲೆ ಬರೆದರು. ಇವಳಿಗೆ ಕೃತಜ್ಞತೆ ಇಲ್ಲ, ಹೆಸರು ಬೇಕು ಕಷ್ಟ ಬೇಡ ಎಂದು ಬೈದವರು ಬಹಳ. ಹೆಸರಿನ ಬೆಲೆ ಕಿರುಕುಳ ಎಂದು ಯಾರು ನಿಗದಿ ಮಾಡಿದರು? ಗಾಯಕಿಯ ಕೆಲಸ ಹಾಡುವುದು. ನಾವು ಕೊಟ್ಟ ಹಣಕ್ಕೆ ಹಾಡು ಸಿಕ್ಕಿದೆ.

ಅಭಿಮಾನಿಗಳ ಶಕ್ತಿಗೆ ಕೆಲಸವಿಲ್ಲವೇ ಎಂದರೆ ಬೇಕಾದಷ್ಟಿದೆ. 2022ರ ನವೆಂಬರ್‌ನಲ್ಲಿ ಸ್ವಿಫ್ಟ್ ಪ್ರವಾಸದ ಮುಂಗಡ ಟಿಕೆಟಿಗೆ 35 ಲಕ್ಷ ಜನ ನೋಂದಾಯಿಸಿದ್ದರು, ಟಿಕೆಟ್ ಮಾರುವ ಟಿಕೆಟ್‌ಮಾಸ್ಟರ್ ಕಂಪನಿಯ ವ್ಯವಸ್ಥೆ ಕುಸಿಯಿತು, ಸಾರ್ವಜನಿಕ ಮಾರಾಟವೇ ರದ್ದಾಯಿತು. ಗಂಟೆಗಟ್ಟಲೆ ಸರದಿಯಲ್ಲಿ ಕಾದವರು ಸುಮ್ಮನಾಗಲಿಲ್ಲ, ಮೊಕದ್ದಮೆ ಹೂಡಿದರು. ಜನವರಿಯಲ್ಲಿ ಅಮೆರಿಕದ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. 2024ರ ಮೇ ತಿಂಗಳಲ್ಲಿ ಅಲ್ಲಿನ ನ್ಯಾಯಾಂಗ ಇಲಾಖೆ ಟಿಕೆಟ್‌ಮಾಸ್ಟರ್‌ನ ಮಾತೃಸಂಸ್ಥೆ ಲೈವ್ ನೇಷನ್ ವಿರುದ್ಧ ಏಕಸ್ವಾಮ್ಯದ ಮೊಕದ್ದಮೆ ದಾಖಲಿಸಿತು. ಆ ಮೊಕದ್ದಮೆಗೆ ಬೇರೆ ಕಾರಣಗಳೂ ಇವೆ, ಆದರೆ ವಿಷಯ ಮನೆಮಾತಾದದ್ದು ಅಭಿಮಾನಿಗಳಿಂದ. 2024ರ ಜನವರಿಯಲ್ಲಿ ಸ್ವಿಫ್ಟ್ ಅವರ ಎಐನಿಂದ ತಯಾರಿಸಿದ ಅಶ್ಲೀಲ ನಕಲಿ (ಡೀಪ್‌ಫೇಕ್) ಚಿತ್ರಗಳು ಎಕ್ಸ್‌ನಲ್ಲಿ ಹರಡಿದಾಗ ಮೊದಲು ಕೆಲಸಕ್ಕಿಳಿದವರೂ ಅವರೇ. ವೇದಿಕೆಯ ಮೇಲಿನ ಚಿತ್ರಗಳನ್ನು ರಾಶಿ ಹಾಕಿ ಕೆಟ್ಟ ಚಿತ್ರಗಳು ಹುಡುಕಿದರೂ ಸಿಗದಂತೆ ಮಾಡಿದರು, ಒಂದೊಂದು ಖಾತೆಯನ್ನೂ ರಿಪೋರ್ಟ್ ಮಾಡಿದರು. ಕಂಪನಿ ಆಕೆಯ ಹೆಸರಿನ ಹುಡುಕಾಟವನ್ನು ತಡೆದದ್ದು ಆಮೇಲೆ.

ಕಾಟಕ್ಕೆ ತಡೆ ಹಾಕುವ ಕೆಲಸ ಮಾತ್ರ ಅಭಿಮಾನಿಗಳ ವಿವೇಕಕ್ಕೆ ಬಿಟ್ಟರೆ ಆಗುವಂಥದ್ದಲ್ಲ. ಕೊರಿಯಾದ ಗಾಯಕಿ ಸುಲ್ಲಿ, ತಾರೆಯರು ತಮ್ಮ ಬಗೆಗಿನ ದ್ವೇಷದ ಕಾಮೆಂಟುಗಳನ್ನು ತಾವೇ ಓದುವ ಟಿವಿ ಕಾರ್ಯಕ್ರಮವೊಂದರ ನಿರೂಪಕಿಯಾಗಿದ್ದರು. 2019ರ ಅಕ್ಟೋಬರ್ 14ರಂದು, 25ನೇ ವಯಸ್ಸಿನಲ್ಲಿ, ತೀರಿಕೊಂಡರು. ಮುಂದಿನ ತಿಂಗಳು ಅವರ ಗೆಳತಿ, ಗಾಯಕಿ ಗೂ ಹಾರಾ ಕೂಡ. ಇಂಥ ಸಾವುಗಳಿಗೆ ಒಂದೇ ಕಾರಣ ಹುಡುಕುವುದು ಸರಿಯಲ್ಲ. ಆದರೆ ಸುಲ್ಲಿ ತೀರಿಕೊಂಡ ತಿಂಗಳೇ ಡೌಮ್ ಎಂಬ ಪೋರ್ಟಲ್ ಮನರಂಜನಾ ಸುದ್ದಿಗಳ ಕೆಳಗಿನ ಕಾಮೆಂಟು ವಿಭಾಗವನ್ನು ಮುಚ್ಚಿತು, 2020ರ ಮಾರ್ಚ್‌ನಲ್ಲಿ ಆ ದೇಶದ ಅತಿ ದೊಡ್ಡ ಪೋರ್ಟಲ್ ನೇವರ್ ಕೂಡ ಮುಚ್ಚಿತು. ಯಾವ ಲೋಕವೂ ಮುಳುಗಲಿಲ್ಲ. ಮುಚ್ಚಲು ಸಾಧ್ಯವಿತ್ತು, ಮನಸ್ಸು ಮಾಡಲು ಅಷ್ಟು ದಿನ ಬೇಕಾಯಿತು.

ಕಾಟ ಅಲ್ಲಿಂದ ಯೂಟ್ಯೂಬಿಗೆ ಹೋಯಿತು ಎಂಬುದೂ ನಿಜ. ತಾರೆಯರ ಬಗ್ಗೆ ಸುಳ್ಳು ಹಬ್ಬಿಸಿಯೇ ದುಡ್ಡು ಮಾಡುವ ಚಾನೆಲ್ಲುಗಳು ಎದ್ದವು. ಅಂಥದ್ದೊಂದರ ವಿರುದ್ಧ ಐವ್ ತಂಡದ ಜಾಂಗ್ ವೋನ್-ಯಂಗ್ ಮತ್ತು ಅವರ ಕಂಪನಿ ಹೋರಾಡಬೇಕಾಯಿತು. ಚಾನೆಲ್ ನಡೆಸುತ್ತಿರುವುದು ಯಾರೆಂದು ತಿಳಿಯಲು 2023ರಲ್ಲಿ ಅವರು ಅಮೆರಿಕದ ನ್ಯಾಯಾಲಯಕ್ಕೆ ಹೋಗಿ ಗೂಗಲ್‌ನಿಂದ ಮಾಹಿತಿ ಪಡೆದರು. 2025ರ ಜನವರಿಯಲ್ಲಿ ಕೊರಿಯಾದ ನ್ಯಾಯಾಲಯ ಆ ಚಾನೆಲ್ ನಡೆಸಿದವರಿಗೆ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ ವಿಧಿಸಿತು. ಖಂಡ ದಾಟಿ ಹೋಗುವ ಶಕ್ತಿ ದೊಡ್ಡ ಕಂಪನಿಯ ಗಾಯಕಿಗಿತ್ತು. ಈಗಷ್ಟೇ ಹಾಡಲು ಶುರು ಮಾಡಿದ, ಕಂಪನಿಯೂ ಇಲ್ಲದ ಹುಡುಗಿಯ ಮೇಲೆ ಇಂಥದೇ ಚಾನೆಲ್ ಬಿದ್ದರೆ ಅವಳು ಯಾರನ್ನು ಕೇಳಬೇಕು? ದೂರು ಬಂದ ಕೂಡಲೇ ಅಂಥ ಚಾನೆಲ್ಲಿನ ಜಾಹೀರಾತು ಹಣವನ್ನು ತಡೆಹಿಡಿಯುವುದು ಯೂಟ್ಯೂಬಿಗೆ ಕಷ್ಟದ ಕೆಲಸವಲ್ಲ. ಕಾಪಿರೈಟ್ ವಿವಾದವಿರುವ ಹಾಡಿನ ಹಣವನ್ನು ಅದು ಇವತ್ತಿಗೂ ಹಾಗೆಯೇ ತಡೆಹಿಡಿಯುತ್ತದೆ.